ಬೆನ್ನಿಗೆ ಗಾಳಿ ಬೇಕಾದ ಫ್ರಿಜ್ಜು

ಚಿನ್ನೂ, ಪುಟ್ಟೀ,

ಕಳೆದ ಸಲ ಕಾಶಿಗೆ ಬಂದಾಗ ನೀವಿಬ್ಬರೂ ಅಡುಗೆಮನೆಯ ಗೋಡೆಯಲ್ಲಿರುವ ದೊಡ್ಡ ಗೂಡಿನೊಳಗೆ ಕೂತು, ಅದರ ಹಿಂದಿನ ಕಬ್ಬಿಣದ ಜಾಲರಿಯ ಮೂಲಕ ಹಜಾರದಲ್ಲಿ ಹೋಗುವವರನ್ನೆಲ್ಲ ಹೆದರಿಸಿದಿರಿ. ಅಡುಗೆಮನೆಯ ಗೋಡೆಗೆ ಜಾಲರಿ ಯಾಕಜ್ಜಿ ಎಂದು ಕೇಳಿದಿರಿ. ಗಾಳಿಗೆ ಎಂದೆ. ಅದು ಸುಳ್ಳಲ್ಲ. ಪೂರ್ತಿ ಹೇಳಲು ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಬರೆಯುವುದಾದರೆ ಪರವಾಗಿಲ್ಲ, ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ನೀವು ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುವವರು. ಅದಕ್ಕೇ ವಾಕ್ಯಗಳನ್ನು ಚಿಕ್ಕದಾಗಿ ಇಟ್ಟಿದ್ದೇನೆ.

ಆ ಗೂಡಿನಲ್ಲಿ ಎಪ್ಪತ್ತರ ದಶಕದಲ್ಲಿ ಒಂದು ಫ್ರಿಜ್ಜು ಇತ್ತು.

ಆಗ ನಮ್ಮ ಮಾವನವರೂ ನಿಮ್ಮ ತಾತನೂ ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಮಣಿಕರ್ಣಿಕೆಯ ಸ್ಮಶಾನಘಾಟಿನಲ್ಲಿ ಸತ್ತವರ ಕರ್ಮಗಳನ್ನು ಮಾಡಿಸುತ್ತಿದ್ದರು. ಯಾತ್ರಿಕರು ನಮ್ಮ ಮನೆಯ ಮಹಡಿಯಲ್ಲೇ ಇಳಿದುಕೊಳ್ಳುತ್ತಿದ್ದರು. ಬೀದಿಬಾಗಿಲಿನಿಂದ ಮಹಡಿಯ ಮೆಟ್ಟಿಲಿಗೆ ಹೋಗಬೇಕಾದರೆ ಹಜಾರ ದಾಟಬೇಕು. ಹಜಾರದ ಗೋಡೆಯ ಆಚೆಗೇ ಅಡುಗೆಮನೆ.

ಅತ್ತೆಗೆ, ಅಂದರೆ ನಿಮ್ಮ ಮುತ್ತಜ್ಜಿಗೆ, ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಅವರ ಸ್ನಾನಕ್ಕೆ ಮುಂಚೆ ನಾನು ಗಾಜಿನ ಸಿರಿಂಜನ್ನು ಹಿತ್ತಲಲ್ಲಿ ಕುದಿಸಿ ಇನ್ಸುಲಿನ್ ಚುಚ್ಚುತ್ತಿದ್ದೆ. ಆ ಔಷಧಿ ತಣ್ಣಗಿರಬೇಕು. ಇದು ಗೊತ್ತಾಗಿ ಒಬ್ಬ ಶ್ರೀಮಂತ ಯಜಮಾನರು, ತಮ್ಮ ತಂದೆಯ ಕರ್ಮ ಚೆನ್ನಾಗಿ ನಡೆಯಿತೆಂಬ ಸಂತೋಷಕ್ಕೆ, ದೆಹಲಿಯಿಂದ ಒಂದು ಫ್ರಿಜ್ಜು ಕಳಿಸಿದರು. ಊರು ಬಿಟ್ಟು ಹೋಗುತ್ತಿದ್ದ ಯಾರೋ ವಿದೇಶಿ ಅಧಿಕಾರಿಯ ಮನೆಯದಂತೆ. ನೆಲದ ಮೇಲೆ ನಿಲ್ಲಿಸುವಂಥದ್ದಲ್ಲ, ಗೋಡೆಯೊಳಗೆ ಕೂರಿಸುವಂಥದ್ದು. ಬಾಗಿಲಿಗೆ ತೇಗದ ಹಲಗೆ. ನಮ್ಮ ಗಲ್ಲಿಯಲ್ಲಿ ಅದನ್ನು ಆರು ಜನ ಹೊತ್ತು ತಂದಾಗ ಎದುರಿನಿಂದ ಬಂದ ಹಸು ಹಿಂದಕ್ಕೆ ನಡೆಯಬೇಕಾಯಿತು.

ಕೂರಿಸಲು ಬಂದವನು ಹಜಾರದ ಕಡೆ ಒಂದು ಜಾಲರಿ ಹಾಕಿ ಹೋದ. ಯಂತ್ರದ ಬೆನ್ನು ಅಲ್ಲಿಂದ ಕಾಣುತ್ತಿತ್ತು. ಅತ್ತೆ ಅದನ್ನು ನೋಡಿ ಆ ದಿನ ಊಟ ಮಾಡಲಿಲ್ಲ.

"ಮಣಿಕರ್ಣಿಕೆಯಿಂದ ಬಂದೋರು ಇಲ್ಲೇ ತಾನೇ ಓಡಾಡೋದು? ಸೂತಕದ ಕೈ ಇದಕ್ಕೆ ತಾಗುತ್ತೆ. ಒಳಗೆ ಮೊಸರು ಇರುತ್ತೆ. ಬೆನ್ನು ಮುಟ್ಟಿದ್ರೆ ಹೊಟ್ಟೆ ಮುಟ್ಟಿದ ಹಾಗೆ ಅಲ್ವೇನೇ?"

ಅತ್ತೆಯೇ ಗಾರೆಯವನಿಗೆ ಹೇಳಿಕಳಿಸಿದರು. ಮಾರನೆಯ ದಿನ ಅವನು ಬಂದು ಜಾಲರಿಯ ಮೇಲೆ ಇಟ್ಟಿಗೆ ಕಟ್ಟಿದ. ಒಳಗಿನ ಸಂದಿಗೂ ಗಾರೆ ತುಂಬಿದ. ಅತ್ತೆ ಊಟ ಮಾಡಿದರು.

ಅದು ದೀಪಾವಳಿಯ ಆಸುಪಾಸು. ಪುಷ್ಯ ಮಾಸ ಬಂತು. ಕಾಶಿಯ ಚಳಿ ನಿಮಗೆ ಗೊತ್ತು. ಹಜಾರದ ಆ ಗೋಡೆ ಮಾತ್ರ ಬೆಚ್ಚಗಿರುತ್ತಿತ್ತು. ಇದನ್ನು ಯಾತ್ರಿಕರು ಎರಡೇ ದಿನದಲ್ಲಿ ಕಂಡುಹಿಡಿದರು. ಗಂಗೆಯಲ್ಲಿ ಮುಳುಗಿ ನಡುಗುತ್ತ ಬಂದವರು ಸಾಲಾಗಿ ಅದಕ್ಕೆ ಒರಗಿ ಕೂರುತ್ತಿದ್ದರು. ಒದ್ದೆ ಪಂಚೆಯನ್ನು ಅದಕ್ಕೇ ಅಂಟಿಸಿ ಒಣಗಿಸುತ್ತಿದ್ದರು. ಅತ್ತೆ ಆ ಹೊತ್ತಿಗೆ ದೇವರಮನೆಯಲ್ಲಿ ಇರುತ್ತಿದ್ದರು. ನಾನು ನೋಡಿದೆ. ಹೇಳಲಿಲ್ಲ.

ಜ್ಯೇಷ್ಠ ಮಾಸದಲ್ಲಿ, ಲೂ ಎಂಬ ಬಿಸಿಗಾಳಿ ಬೀಸುವ ದಿನಗಳಲ್ಲಿ, ಫ್ರಿಜ್ಜು ನಿಂತಿತು. ಹಾಲು ಒಡೆಯಿತು. ಇದ್ದ ಎರಡು ಇನ್ಸುಲಿನ್ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ನೀರು ತಂಪಾಗಿಡುವ ಮಣ್ಣಿನ ಹೂಜಿ, ಸುರಾಹಿಯೊಳಗೆ ಇಳಿಬಿಟ್ಟೆ. ಡಾಕ್ಟರು ಅದನ್ನು ಹೆಚ್ಚು ದಿನ ನೆಚ್ಚಬೇಡಿ ಎಂದರು. ಕೆಟ್ಟ ಔಷಧಿ ನೋಡಲು ಒಳ್ಳೆಯದರ ಹಾಗೇ ಇರುತ್ತದಂತೆ. ನಾಲ್ಕನೆಯ ದಿನ ಅತ್ತೆ ತುಳಸಿಕಟ್ಟೆಯ ಹತ್ತಿರ ತಲೆಸುತ್ತಿ ಕುಸಿದು ಕೂತರು. ಎದ್ದು, ಕಾಲು ಜಾರಿತು ಎಂದರು. ನೆಲ ಒಣಗಿತ್ತು.

ಅದೇ ದಿನ ನಿಮ್ಮ ತಾತ ಗೋದೌಲಿಯಾ ಪೇಟೆಯಿಂದ ಫ್ರಿಜ್ಜು ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯನ್ನು ಕರೆತಂದರು. ಅತ್ತೆ ಅವನನ್ನು ಅಡುಗೆಮನೆಯ ಹೊಸಿಲಿನ ಹೊರಗೇ ನಿಲ್ಲಿಸಿದರು.

"ವಹೀಂ ಸೇ ದೇಖೋ." ಅಲ್ಲಿಂದಲೇ ನೋಡು ಎಂದು.

"ಮಾಜೀ, ಡಾಕ್ಟರ್ ಭೀ ನಾಡಿ ಪಕಡತಾ ಹೈ," ಎಂದ ಅವನು.

ನಮ್ಮ ಡಾಕ್ಟರು ನಾಡಿಯನ್ನು ರೇಷ್ಮೆ ಬಟ್ಟೆಯ ಮೇಲಿಂದ ಹಿಡಿಯುತ್ತಾರೆ ಎಂದು ಅತ್ತೆ ತಮ್ಮ ಹಿಂದಿಯಲ್ಲಿ ತಿಳಿಸಿದರು. ಅದು ನಿಜವೇ ಆಗಿತ್ತು.

ಆದ್ದರಿಂದ ಮಿಸ್ತ್ರಿ ಸ್ಕ್ರೂಡ್ರೈವರನ್ನು ಹೊಸಿಲ ಮೇಲಿಟ್ಟ. ನಾನು ತೆಗೆದುಕೊಂಡು, ಅವನು ಹೇಳಿದಂತೆ ಕೆಳಗಿನ ತಗಡು ಬಿಚ್ಚಿದೆ. ಮೋಟಾರಿನ ಮೇಲೆ ಕೈ ಇಡಲು ಹೇಳಿದ. ಇಟ್ಟೆ. ತಣ್ಣಗಿದೆಯೋ ಬಿಸಿಯೋ ಎಂದು ಕೇಳಿದ. ಪರಗಂಡಸರ ಜೊತೆ ನಾನು ಮಾತಾಡುತ್ತಿರಲಿಲ್ಲ. "ಸುಡ್ತಿದೆ" ಎಂದು ಅತ್ತೆಗೆ ಹೇಳಿದೆ. ಅತ್ತೆ ಅವನಿಗೆ ಹೇಳಿದರು. ಹೀಗೆ ಅರ್ಧ ಗಂಟೆ ನಡೆಯಿತು.

"ಮೋಟಾರ್ ಗಯಾ," ಎಂದ ಕೊನೆಗೆ. ಮೋಟಾರು ಹೋಗಿದೆ, ಹೊಸ ಫ್ರಿಜ್ಜು ತೆಗೆದುಕೊಳ್ಳಿ, ಅಂಗಡಿಯಲ್ಲಿ ಹೆಸರು ಬರೆಸಿದರೆ ದೀಪಾವಳಿ ಹೊತ್ತಿಗೆ ಬರಬಹುದು ಎಂದ. ನಿಮ್ಮ ತಾತ ಆ ಯಜಮಾನರಿಗೆ ಕಾಗದ ಬರೆಯಲು ಇನ್‌ಲ್ಯಾಂಡ್ ಹುಡುಕತೊಡಗಿದರು. ಮಿಸ್ತ್ರಿ ಸೈಕಲ್ಲಿನ ಕಡೆ ಹೊರಟ.

ನಾನು ಸುರಾಹಿ ನೋಡಿದೆ. ದೀಪಾವಳಿಗೆ ಐದು ತಿಂಗಳಿತ್ತು.

"ಭೈಯಾ," ಎಂದೆ. "ದೀವಾರ್ ಗರಮ್ ರಹತೀ ಹೈ."

ಎಲ್ಲರೂ ತಿರುಗಿದರು. ನನ್ನ ಧ್ವನಿ ಆ ಮನೆಯಲ್ಲಿ ಹಜಾರದವರೆಗೆ ಹೋದದ್ದು ಅದೇ ಮೊದಲು.

ಬಿಸಿ ಇರುವುದು ಯಾವ ಗೋಡೆ ಎಂದು ಮಿಸ್ತ್ರಿ ಕೇಳಿದ. ಕೈ ತೋರಿಸಿದೆ. ಅವನು ಮುಟ್ಟಿದ, ಬೆರಳ ಗಂಟಿನಿಂದ ಬಡಿದು ನೋಡಿದ. "ಇಸಕೇ ಪೀಛೇ ಮಶೀನ್ ಹೈ? ಸಾಂಸ್ ಕಹಾಂ ಸೇ ಲೇಗೀ? ಕಿಸ್ ಗಧೇ ನೇ ಚುನವಾಯಾ?"

ಇದರ ಹಿಂದೆ ಯಂತ್ರವಿದೆಯೇ, ಅದು ಉಸಿರಾಡುವುದೆಲ್ಲಿಂದ, ಯಾವ ಕತ್ತೆ ಇದನ್ನು ಕಟ್ಟಿಸಿದ್ದು ಎಂದು ಅವನ ಪ್ರಶ್ನೆ. ಅತ್ತೆಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಕತ್ತೆ ಗೊತ್ತಿತ್ತು.

"ಗೋಡೆ ಬಿಸಿ ಇರುತ್ತೆ ಅಂತ ನಿನಗೆ ಹೇಗೇ ಗೊತ್ತು?" ಎಂದು ನನ್ನನ್ನು ಕೇಳಿದರು.

"ಚಳೀಲಿ ಎಲ್ರೂ ಅದಕ್ಕೇ ಒರಗಿ ಕೂರ್ತಿದ್ರು, ಅತ್ತೆ."

"ಎಲ್ರೂ ಅಂದ್ರೆ?"

"ಮಣಿಕರ್ಣಿಕೆಯಿಂದ ಬಂದೋರು. ಒದ್ದೆ ಪಂಚೇನೂ ಅಲ್ಲೇ ಒಣಗಿಸ್ತಿದ್ರು."

"ಎಷ್ಟು ದಿನ?"

"ಪುಷ್ಯ, ಮಾಘ, ಎರಡೂ ತಿಂಗಳು."

ಅತ್ತೆ ಮಣೆಯ ಮೇಲೆ ಕೂತರು. "ದಿನಾ ಮೊಸರು ತಿಂದಿದೀನಲ್ಲೇ," ಎಂದರು. ಆಮೇಲೆ ಹಜಾರದಲ್ಲಿ ಪಂಚಾಂಗ ನೋಡುತ್ತ ಕೂತಿದ್ದ ಮಾವನವರ ಕಡೆ ತಿರುಗಿ, "ಏನಂತೀರಿ ಇದಕ್ಕೆ?" ಎಂದರು.

ಮಾವನವರು ಪಂಚಾಂಗದಿಂದ ತಲೆ ಎತ್ತಲಿಲ್ಲ. "ತಿಂದದ್ದು ಜೀರ್ಣವಾಗಿದೆ," ಎಂದರು.

ಅತ್ತೆ ಏಳಲು ಗೋಡೆ ಹಿಡಿದರು. ಅರ್ಧ ಎದ್ದು ಮತ್ತೆ ಮಣೆಗೆ ಕುಸಿದರು. ಅದನ್ನು ನಾನು ನೋಡಿದ್ದನ್ನು ಅವರು ನೋಡಿದರು.

"ಒಡಿ ಅಂತ ಹೇಳು ಅವನಿಗೆ. ನೀನೇ ಹೇಳು. ಈಗ ಮಾತು ಬರುತ್ತಲ್ಲ ನಿನಗೆ."

ಹೇಳಿದೆ. ಮಿಸ್ತ್ರಿಯೇ ಉಳಿ ಸುತ್ತಿಗೆ ತರಿಸಿ ಇಟ್ಟಿಗೆ ಕಿತ್ತ. ಬೆನ್ನಿನ ಕೊಳವೆಗಳ ಮೇಲಿದ್ದ ಗಾರೆಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದ. ಮೋಟಾರು ಸತ್ತಿಲ್ಲ, ಕಾದು ಕಾದು ತಾನೇ ನಿಂತುಬಿಡುತ್ತಿತ್ತು ಎಂದ. ಮಾರನೆಯ ಬೆಳಿಗ್ಗೆ ಬಂದು ಒಂದು ಸಣ್ಣ ಬಿಡಿಭಾಗ ಬದಲಿಸಿ ಸ್ವಿಚ್ಚು ಒತ್ತಿದ. ಫ್ರಿಜ್ಜು ಕೆಮ್ಮಿ ಓಡಿತು. ಸಂಜೆಗೆ ಬಟ್ಟಲಿನಲ್ಲಿಟ್ಟ ನೀರು ಮಂಜುಗಟ್ಟಿತು. ಸುರಾಹಿಯಲ್ಲಿದ್ದ ಔಷಧಿ ಚೆಲ್ಲಿ ಹೊಸ ಸೀಸೆಗಳನ್ನು ತರಿಸಿ ಒಳಗಿಟ್ಟೆ. ಅದೇ ವಾರದಲ್ಲಿ ಅತ್ತೆಯ ತಲೆಸುತ್ತು ನಿಂತಿತು. ಗಂಗೆಯ ನೀರಿನ ಗುಣ ಎಂದರು. ನಾನು ಇನ್ಸುಲಿನ್ ಚುಚ್ಚುತ್ತ ಹೌದು ಎಂದೆ.

ಜಾಲರಿಯನ್ನು ಯಾರೂ ಮುಟ್ಟದಂತೆ ಕಾಯಲು ಅತ್ತೆ ಹಜಾರದಲ್ಲಿ ಮಣೆ ಹಾಕಿಕೊಂಡು ಕೂರತೊಡಗಿದರು. ಬಂದವರಿಗೆಲ್ಲ ದೂರ, ದೂರ ಎನ್ನುತ್ತಿದ್ದರು. ಆ ನೆಪದಲ್ಲಿ ಯಾರ ಮನೆಯಲ್ಲಿ ಯಾರು ಹೋದರು, ಹೇಗೆ ಹೋದರು ಎಂದು ಕೇಳುತ್ತಿದ್ದರು. ಮುಂದಿನ ಪುಷ್ಯದಲ್ಲಿ ಅವರ ಮಣೆ ಜಾಲರಿಗೆ ತೀರ ಹತ್ತಿರ ಹೋಯಿತು. ಒಂದು ದಿನ ಬೆಳಿಗ್ಗೆ ಅವರ ಬೆನ್ನು ಜಾಲರಿಗೆ ಪೂರ್ತಿ ಒರಗಿತ್ತು. ಪಕ್ಕದಲ್ಲಿ ಬಳ್ಳಾರಿಯ ಕಡೆಯ ಮುದುಕಿಯೊಬ್ಬಳು, ಗಂಡನ ಅಸ್ಥಿ ಬಿಟ್ಟು ಬಂದವಳು, ಹಾಗೇ ಒರಗಿ ಕೂತಿದ್ದಳು. ಇಬ್ಬರೂ ಕಣ್ಣು ಮುಚ್ಚಿದ್ದರು. ನಾನು ನೋಡಿದೆ. ಆಗಲೂ ಹೇಳಲಿಲ್ಲ.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದರು. ಫ್ರಿಜ್ಜು ಅವರಿಗಿಂತ ಸ್ವಲ್ಪ ಹೆಚ್ಚು ಬದುಕಿತು.

ಈ ಹಾಳೆಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಆ ಗೂಡಿನ ಮೇಲಿನ ಹಲಗೆಯ ಮೇಲೆ ಇಡುತ್ತೇನೆ. ಅಲ್ಲಿ ಗಾಳಿಯಾಡುತ್ತದೆ, ಗೆದ್ದಲು ಬರುವುದಿಲ್ಲ. ನನ್ನ ನಂತರ ಡಬ್ಬಿ ನಿಮ್ಮದು, ಜೋಪಾನ. ಮನೆ ರಿಪೇರಿ ಮಾಡಿಸಿದರೂ ಜಾಲರಿ ಮುಚ್ಚಿಸಬೇಡಿ.