ಮಣ್ಣೆತ್ತಿನ ಅಮಾವಾಸ್ಯೆಯ ಗಂಟು

1957ರಲ್ಲಿ ನಾನು ಸುರಪುರ ತಾಲೂಕಿನ ಒಂದು ಹಳ್ಳಿಯ ಹೆರಿಗೆ ಕೇಂದ್ರದಲ್ಲಿ ಮಿಡ್‌ವೈಫ್ ಆಗಿದ್ದೆ. ಕೆಂಭಾವಿ ಸಂತೆಗೆ ಹೋಗುವವರ ದಾರಿಯಲ್ಲೇ ಇದ್ದ ಹಳ್ಳಿ ಅದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೇಂದ್ರವೆಂದರೆ ಎರಡು ಕೋಣೆ, ಒಂದು ಮಂಚ, ನೀರು ಕಾಯಿಸಲು ಒಂದು ಸ್ಟವ್ವು ಮತ್ತು ನಿಜಾಮರ ಕಾಲದ ಉರ್ದು ರಿಜಿಸ್ಟರು. ಇನ್ನು ಮುಂದೆ ಎಲ್ಲವನ್ನೂ ಕನ್ನಡದಲ್ಲಿ ಬರೆಯಬೇಕೆಂಬ ಆದೇಶ ಬಂದಿತ್ತು, ಕನ್ನಡದ ರಿಜಿಸ್ಟರು ಬಂದಿರಲಿಲ್ಲ. ಬಲಗಡೆಯಿಂದ ತೆರೆಯುವ ಆ ಪುಸ್ತಕದಲ್ಲಿ ನಾನು ಎಡಗಡೆಯಿಂದ ಕನ್ನಡ ಬರೆಯುತ್ತಿದ್ದೆ.

ನಾನು ಶಹಾಪುರದ ಕಿರಾಣಿ ಅಂಗಡಿಯವರ ಮಗಳು. ಹೈದರಾಬಾದಿನಲ್ಲಿ ತರಬೇತಿ ಮುಗಿಸಿ ಬಂದಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸುರಿಯರಿಗೆಲ್ಲ ಒಂದೊಂದು ಕಾರ್ಡು ಮಾಡಿದ್ದೆ. ಎಷ್ಟನೇ ತಿಂಗಳು, ಗರ್ಭ ಎಲ್ಲಿಯವರೆಗೆ ಏರಿದೆ, ಮಗುವಿನ ಎದೆಬಡಿತ ನಿಮಿಷಕ್ಕೆ ಎಷ್ಟು, ಎಲ್ಲ ಅದರಲ್ಲಿರುತ್ತಿತ್ತು. ಆ ಕಾರ್ಡಿನ ಮುಂದೆ ಯಾರು ಏನು ಹೇಳಿದರೂ ನನ್ನ ಕಿವಿಗೆ ಹೋಗುತ್ತಿರಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ವೈಶಾಖದ ಬಾದಮಿ ಅಮಾವಾಸ್ಯೆ ಮುಗಿದ ವಾರದಲ್ಲಿ ಮಾಳವ್ವ ಬಂದಳು. ಕುರಿ ಸಾಕುವ ಮನೆತನದ ಸೊಸೆ, ಇಪ್ಪತ್ತೆರಡರ ಆಸುಪಾಸು. ಜೊತೆಗೆ ಅತ್ತೆ ಬಂದಿದ್ದಳು. ಹಿಂದೆ ಎರಡು ಸಲ ಮಾಳವ್ವನಿಗೆ ದಿನ ತುಂಬುತ್ತ ಬಂದಾಗ ಹೊಟ್ಟೆಯೊಳಗೇ ಮಗು ಸತ್ತಿತ್ತು. ಎರಡೂ ಹೆರಿಗೆ ಮನೆಯಲ್ಲೇ ಆಗಿದ್ದವು, ಕಾರಣ ಯಾರಿಗೂ ಗೊತ್ತಿರಲಿಲ್ಲ. ಈ ಮೂರನೆಯದು ಉಳಿಯಬೇಕು, ಅದೊಂದೇ ಅವರ ಆಸೆ.

“ಎಷ್ಟು ತಿಂಗಳವ್ವ?” ಎಂದೆ.

“ಏಳು ನಡದಾವ್ರಿ,” ಎಂದಳು ನೆಲ ನೋಡುತ್ತ.

ಕೈಯಿಟ್ಟು ನೋಡಿದೆ. ಗರ್ಭ ಹೊಕ್ಕಳಿಂದ ಮೂರು ಬೆರಳು ಮೇಲಿತ್ತು. ಏಳನೇ ತಿಂಗಳಿಗೆ ಇರಬೇಕಾದದ್ದು ಅಷ್ಟೇ. ನಂತರ ಫೀಟೋಸ್ಕೋಪ್ ಇಟ್ಟು ಕೇಳಿದೆ. ಅದೊಂದು ಮರದ ಪುಟ್ಟ ಕೊಳವೆ. ಅಗಲ ಬಾಯಿಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಯೊತ್ತಿ ಮಗುವಿನ ಎದೆಬಡಿತ ಎಣಿಸಬೇಕು. ನಿಮಿಷಕ್ಕೆ ನೂರ ನಲವತ್ತು. ನಾನು ಕಾರ್ಡಿನಲ್ಲಿ ‘ಬೆಳವಣಿಗೆ ಸರಿ’ ಎಂದು ಬರೆದೆ. ಅತ್ತೆ ಸೆರಗೊಡ್ಡಿ ಕೈಮುಗಿದಳು. ಮುಂದಿನ ತಿಂಗಳು ಬಾ ಎಂದು ಕಳಿಸಿಬಿಟ್ಟೆ.

ಮುಂದಿನ ತಿಂಗಳು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬೆಳಗ್ಗೆ, ನಾನು ಬಾಗಿಲು ತೆಗೆಯುವ ಹೊತ್ತಿಗೆ, ಕಟ್ಟೆಯ ಮೇಲೆ ಒಬ್ಬ ಕುರುಬ ಕೂತಿದ್ದ. ಹೆಗಲ ಮೇಲೆ ಕಂಬಳಿ, ಕಾಲ ತುಂಬ ಕೆಂಪು ಧೂಳು. ಮಾಳವ್ವನ ಗಂಡ ಬೀರಪ್ಪ ಎಂದು ಹೇಳಿಕೊಂಡ. ಕುರಿಗಳೊಂದಿಗೆ ತಿಂಥಣಿ ಕಡೆಯ ಹೊಳೆದಂಡೆಯಲ್ಲಿದ್ದವನು ಅಮಾವಾಸ್ಯೆಗೆಂದು ಊರಿಗೆ ಬಂದಿದ್ದ.

ಆ ಕಾಲಕ್ಕೆ ಹೆಂಡತಿಯ ಬಸುರಿನ ಬಗ್ಗೆ ಗಂಡಸು ಬಂದು ಮಾತಾಡುವುದೇ ಇರಲಿಲ್ಲ. ಅವನು ಕಂಬಳಿಯ ಮಡಿಕೆಯಿಂದ ಮೂರು ಉಣ್ಣೆದಾರಗಳನ್ನು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟ. ಕರಿ ಉಣ್ಣೆ, ಅವನೇ ಕದರು ತಿರುಗಿಸಿ ನೂತದ್ದು. ದಾರಗಳಲ್ಲಿ ಗಂಟುಗಳಿದ್ದವು.

“ಏನಪ್ಪ ಇದು, ಬೆಳ್‌ಬೆಳಿಗ್ಗೆ?” ಎಂದು ಗದರಿದೆ.

“ಅಳತಿ ದಾರ ಅದಾವ್ರಿ,” ಎಂದ. “ಅಕಿ ಹೊಟ್ಟಿದು.”

ನನಗೆ ನಗು ಬಂತು. ಅವನು ನಗಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದ. ಕಂಬಳಿ ನೇಯಲು ಕೊಡುವಾಗ ದಾರದಲ್ಲಿ ಅಳೆದು ಗಂಟು ಹಾಕುವುದು ಅವರ ರೂಢಿ. ಮೊದಲ ಬಸುರಿನಲ್ಲಿ ಅವನು ತಿಂಗಳುಗಟ್ಟಲೆ ಕುರಿಯ ಹಿಂದೆ ಅಲೆಯಬೇಕಿತ್ತು. ದೂರದಲ್ಲಿ ಕೂತು, ಮಗು ಎಷ್ಟು ಬೆಳೆದಿದೆಯೋ ಏನೋ ಎಂದು ಜೀವ ಎಳೆಯುತ್ತಿತ್ತಂತೆ. ಅದಕ್ಕೆ ಅಮಾವಾಸ್ಯೆಗೊಮ್ಮೆ ಮನೆಗೆ ಬಂದಾಗ ಹೆಂಡತಿಯ ಹೊಕ್ಕಳ ಮೇಲೆ ದಾರ ಸುತ್ತಿ ಅಳೆದು, ಸುತ್ತು ಮುಗಿದಲ್ಲಿ ಗಂಟು ಹಾಕಿ, ದಾರವನ್ನು ಜೊತೆಗೆ ಒಯ್ಯುತ್ತಿದ್ದ. ಕುರಿ ಕಾಯುತ್ತ ಕೂತಾಗ ಆ ಗಂಟುಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದನಂತೆ. “ಕೂಸಿನ ಮೈ ಮುಟ್ಟಿದಂಗ ಆಗತಿತ್ರಿ,” ಎಂದ. ಇದು ಗಂಡ ಹೆಂಡತಿ ಇಬ್ಬರಿಗೇ ಗೊತ್ತಿದ್ದ ಗುಟ್ಟು. ಊರಿಗೆ ತಿಳಿದರೆ ಗೇಲಿ ಮಾಡಿ ಬಿಡುತ್ತಿದ್ದರು.

ಮೊದಲ ದಾರವನ್ನು ನನ್ನ ಮುಂದೆ ಸರಿಸಿದ. ಮೊದಲಿನ ಗಂಟುಗಳ ನಡುವೆ ನಾಲ್ಕು ನಾಲ್ಕು ಬೆರಳಿನ ಅಂತರ. ಆಮೇಲೆ ಎರಡು ಬೆರಳು. ಕೊನೆಯ ಎರಡು ಗಂಟು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡನೆಯ ದಾರವೂ ಹಾಗೆಯೇ.

“ಹಿಂಗ ಗಂಟ ಕೂಡಿದ ಎಂಟ ದಿನದಾಗ ಕೂಸು ಹೋತ್ರಿ. ಎರಡು ಸಲಾನೂ,” ಎಂದ. ಮೂರನೆಯ ದಾರ ಎತ್ತಿ ತುದಿ ತೋರಿಸಿದ. “ನಿನ್ನಿ ಅಳದೀನ್ರಿ. ನೋಡ್ರಿ.”

ಅಲ್ಲೂ ಕೊನೆಯ ಎರಡು ಗಂಟು ಕೂಡಿದ್ದವು.

ಹೊಟ್ಟೆಯಲ್ಲಿ ಮಗು ತಿಂಗಳು ತಿಂಗಳಿಗೆ ಎಷ್ಟು ಬೆಳೆಯಿತು, ಎಲ್ಲಿ ಬೆಳೆಯುವುದನ್ನು ನಿಲ್ಲಿಸಿತು ಎಂಬುದನ್ನು ಒಂದಕ್ಷರವೂ ಬಾರದ ಈ ಮನುಷ್ಯ ಹೀಗೆ ಬರೆದಿಟ್ಟಿದ್ದ. ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲೂ ನಾನು ಇಂಥದ್ದನ್ನು ನೋಡಿರಲಿಲ್ಲ. ಆದರೂ ನನ್ನ ಹಟ ಬಿಡಲಿಲ್ಲ. ಕಾರ್ಡು ತೆಗೆದು, “ಏಳನೇ ತಿಂಗಳಿಗೆ ಸರಿಯಾಗೇ ಇತ್ತಲ್ಲ, ಈಗ ಎಂಟು,” ಎಂದೆ.

ಹೆಂಡತಿಯ ತಿಂಗಳು ಬಾಯಿಬಿಟ್ಟು ಹೇಳುವುದಿಲ್ಲವೆಂದು ಅವನು ಬೀರದೇವರ ಆಣೆ ಮಾಡಿದ್ದನಂತೆ. ಅದಕ್ಕೇ ದಾರವನ್ನೇ ನನ್ನ ಕೈಗೆ ಕೊಟ್ಟು, “ಮೂರು ಅಮಾಸಿ ಕಳದ ಮ್ಯಾಲ ಅಳಿಯಾಕ ಸುರು ಮಾಡತೀನ್ರಿ. ಗಂಟ ನೀವಽ ಎಣಸ್ರಿ,” ಎಂದ.

ಎಣಿಸಿದೆ. ಆರು ಗಂಟು. ಅದಕ್ಕೆ ಮೊದಲಿನ ಮೂರು ಸೇರಿದರೆ ಒಂಬತ್ತು.

ಮಾಳವ್ವ ಒಂದು ತಿಂಗಳು ಕಡಿಮೆ ಹೇಳಿದ್ದಳು. ಮಕ್ಕಳು ಉಳಿಯದ ಹೆಣ್ಣುಮಕ್ಕಳು ದೃಷ್ಟಿಯಾಗದಿರಲಿ ಎಂದು ತಿಂಗಳು ಕದ್ದು ಹೇಳುವುದು ನಮ್ಮ ಕಡೆ ಇತ್ತು. ನಾನೂ ಇದೇ ಮಣ್ಣಿನವಳು, ಅದು ಗೊತ್ತಿರಬೇಕಿತ್ತು. ಎಂಟನೇ ತಿಂಗಳಲ್ಲಿ ಏಳರಷ್ಟೇ ಇದ್ದ ಸಣ್ಣ ಮಗುವನ್ನು ಮುಟ್ಟಿ, ಏಳಕ್ಕೆ ಸರಿಯಾಗಿದೆ ಎಂದು ನಾನು ಬರೆದಿದ್ದೆ. ಅವಳ ಸುಳ್ಳೂ ನನ್ನ ಕಾರ್ಡೂ ಕೂಡಿ ಮಗುವಿನ ಕಷ್ಟವನ್ನು ಮುಚ್ಚಿಬಿಟ್ಟಿದ್ದವು.

ಚೀಲ ಹಿಡಿದು ಅವನೊಂದಿಗೆ ಮನೆಗೆ ಹೋದೆ. ಗೋಡೆಯ ಮಾಡದಲ್ಲಿ ಹಿಂದಿನ ದಿನ ಪೂಜೆ ಮಾಡಿದ ಮಣ್ಣಿನೆತ್ತುಗಳಿದ್ದವು. ಮಾಳವ್ವ ಜೋಳ ಕೇರುತ್ತ ಕೂತಿದ್ದಳು. ಅವಳನ್ನು ಮಲಗಿಸಿ ನೋಡಿದೆ. ಗರ್ಭ ಹೊಕ್ಕಳಿಂದ ಅದೇ ಮೂರು ಬೆರಳು ಮೇಲೆ. ತಿಂಗಳಾದರೂ ಒಂದು ಬೆರಳೂ ಏರಿರಲಿಲ್ಲ.

“ಖರೆ ಹೇಳು ತಂಗಿ, ಎಷ್ಟು ತಿಂಗಳು?”

ಅವಳು ಬಾಗಿಲಲ್ಲಿ ನಿಂತ ಗಂಡನನ್ನೂ ನನ್ನ ಕೈಯಲ್ಲಿದ್ದ ದಾರವನ್ನೂ ನೋಡಿದಳು. ಕಣ್ಣು ತುಂಬಿತು. “ಹಿಂದ ಎರಡು ಸಲ ಊರ ಮಂದೆಲ್ಲ ಎಣಸಾಕತ್ತಿದ್ರು ನರ್ಸಬಾಯಾರ. ಹಸರ ಬಳಿ ತೊಡಿಸಿ ಕುಬಸಾನೂ ಮಾಡಿದ್ರು. ಎರಡೂ ಹೋದ್ವು. ಈ ಸಲ ಯಾರಿಗೂ ಎಣಸಾಕ ಕೊಡಬಾರದಂತ ಮಾಡಿದ್ದೆ.”

“ಗಂಡಗ ಕೊಟ್ಟಿಯಲ್ಲ?”

“ಅವರ ಎಣಿಕಿ ಬ್ಯಾರೆ ಬಿಡ್ರಿ,” ಎಂದಳು. “ಅವರು ಅದರ ಅಪ್ಪ ಅದಾರ.”

ಕೊಳವೆಗೆ ಕಿವಿಯಿಟ್ಟೆ. ಹುಡುಕಿ ಹುಡುಕಿ ಕೊನೆಗೆ ಎಡಗಡೆ ಸಿಕ್ಕಿತು. ನಿಮಿಷಕ್ಕೆ ನೂರ ಮೂವತ್ತಾರು. ಮಗು ಜೀವದಿಂದಿತ್ತು.

“ನನಗೂ ಒಮ್ಮಿ ಕೇಳಸ್ತೀರೇನ್ರಿ?” ಎಂದ ಬೀರಪ್ಪ, ಹೊಸ್ತಿಲಾಚೆಯಿಂದ.

ಅಲ್ಲಿಯವರೆಗೆ ನಾನು ಯಾವ ಗಂಡಸಿನ ಕೈಗೂ ಆ ಕೊಳವೆ ಕೊಟ್ಟವಳಲ್ಲ. ಅತ್ತೆ ಮುಖ ತಿರುಗಿಸಿ ಒಳಗೆ ಹೋದಳು. ನಾನು ಸರಿದು ಜಾಗ ಬಿಟ್ಟೆ. ಅವನು ರುಮಾಲು ತೆಗೆದಿಟ್ಟು, ಮೊಣಕಾಲೂರಿ, ಕಿವಿಯೊತ್ತಿದ. ಮುಖದ ಮೇಲೆ ಏನೂ ಕಾಣಲಿಲ್ಲ. ಆಮೇಲೆ ಅವನ ಬೆರಳು ತಾನಾಗಿಯೇ ನೆಲದ ಮೇಲೆ ಟಕಟಕ ಬಡಿಯತೊಡಗಿತು. ಆ ಬಡಿತ ನಾನು ಎಣಿಸಿದ ಬಡಿತವೇ ಆಗಿತ್ತು.

“ಮರಿ ತಾಯಿ ಕಡಿ ಓಡಿ ಬರೂವಂಗ ಕೇಳತದ್ರಿ,” ಎಂದ. “ಇನ್ನ ಭಾಳ ದೂರ ಅದ ಏನ್ರಿ?”

ಆ ಸದ್ದನ್ನು ಅಷ್ಟು ಸಲ ಕೇಳಿದ್ದೆ. ಪ್ರತಿ ಸಲವೂ ಗಡಿಯಾರ ನೋಡಿ ಎಣಿಸಿ, ಅಂಕಿ ಬರೆದು ಮುಗಿಸಿಬಿಟ್ಟಿದ್ದೆ. ಅದು ಯಾರೋ ನಮ್ಮ ಕಡೆಗೆ ಬರುತ್ತಿರುವ ಸದ್ದು ಎಂದು ಆ ದಿನವೇ ನನಗೆ ಹೊಳೆದದ್ದು.

ತಡಮಾಡಲಿಲ್ಲ. ಗಾಡಿ ಹೂಡಿಸಿ ಬಸ್ಸಿನ ರಸ್ತೆಗೆ ಬಂದೆವು. ಶಹಾಪುರದ ಮೇಲೆ ಹಾದು ಸಂಜೆಗೆ ಯಾದಗಿರಿ ಮುಟ್ಟಿದೆವು. ದಾರಿಯುದ್ದಕ್ಕೂ ಬಸ್ಸು ನಿಂತಲ್ಲೆಲ್ಲ ಸೀರೆಯ ಮರೆ ಮಾಡಿ ಕೊಳವೆ ಇಟ್ಟು ಕೇಳುತ್ತಿದ್ದೆ. ಪ್ರತಿ ಸಲ ತಲೆ ಎತ್ತಿದಾಗಲೂ ಗಂಡ ಹೆಂಡತಿ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗೋಣು ಹಾಕುತ್ತಿದ್ದೆ, ಅವರು ಉಸಿರು ಬಿಡುತ್ತಿದ್ದರು.

ದವಾಖಾನೆಯ ಲೇಡಿ ಡಾಕ್ಟರು ಹೈದರಾಬಾದಿನವರು. ನಾನು ಕಾರ್ಡಿನ ಬದಲು ಮೂರು ದಾರ ಮುಂದಿಟ್ಟಾಗ ಹುಬ್ಬು ಗಂಟಿಕ್ಕಿದರು. ವಿವರಿಸಿದ ಮೇಲೆ ಒಂದೊಂದೇ ಗಂಟನ್ನು ಬೆರಳಿಂದ ಮುಟ್ಟುತ್ತ ಹೋದರು. ಇದನ್ನು ಮಾಡಿದವರು ಯಾರು ಎಂದು ಉರ್ದುವಿನಲ್ಲಿ ಕೇಳಿದರು. ಗೋಡೆಗೊರಗಿ ನಿಂತವನನ್ನು ತೋರಿಸಿದೆ. ಅವರು ಎದ್ದು ನಿಂತು ಅವನಿಗೊಂದು ಸಲಾಮು ಮಾಡಿದರು. ಬೀರಪ್ಪ ಏನೂ ತಿಳಿಯದೆ ರುಮಾಲು ಸರಿಮಾಡಿಕೊಂಡ.

ಒಳಗಿದ್ದರೆ ಮಗು ಸಾಯುತ್ತದೆ, ಹೊರಗೆ ಬಂದರೆ ಬದುಕಬಹುದು ಎಂದರು ಡಾಕ್ಟರು. ತಿಂಗಳು ಎಂಟೇ ಆಗಿದ್ದರೆ ಇಷ್ಟು ಬೇಗ ಹೆರಿಗೆ ಮಾಡಿಸಲು ಅವರಿಗೂ ಧೈರ್ಯವಾಗುತ್ತಿರಲಿಲ್ಲ. ಒಂಬತ್ತು ಎಂದು ದಾರ ಹೇಳುತ್ತಿತ್ತು, ಅದನ್ನೇ ನಂಬಿದರು. ಮರುದಿನ ಬೆಳಗ್ಗೆ ನೀರಿನ ಚೀಲ ಒಡೆದು ಹೆರಿಗೆ ಬರಿಸಿದರು. ಮಧ್ಯಾಹ್ನದ ಹೊತ್ತಿಗೆ ನೋವು ಬಂದಾಗಲೆಲ್ಲ ಮಗುವಿನ ಎದೆಬಡಿತ ನೂರಕ್ಕಿಂತ ಕೆಳಗೆ ಇಳಿಯತೊಡಗಿತು. ಮಾಳವ್ವ ನನ್ನ ಕೈಯನ್ನು ಮೂಳೆ ಮುರಿಯುವಂತೆ ಹಿಡಿದಿದ್ದಳು, ಆದರೆ ಒಂದು ಸಲವೂ ಕೂಗಲಿಲ್ಲ. ಮೂರು ಗಂಟೆಯ ಸುಮಾರಿಗೆ ಹೆಣ್ಣುಮಗು ಹುಟ್ಟಿತು. ತೂಕ ನಾಲ್ಕು ಪೌಂಡು. ಒಂದೆರಡು ಕ್ಷಣ ಸದ್ದೇ ಇಲ್ಲ. ಆಮೇಲೆ ಸಣ್ಣಗೆ, ಕೋಪ ಬಂದವರ ಹಾಗೆ ಅತ್ತಿತು.

ಡಾಕ್ಟರು ಮಗುವಿನ ಹಿಂದೆ ಬಂದ ಮಾಸನ್ನು ತೋರಿಸಿದರು. ಅಂಗೈಗಿಂತ ಸ್ವಲ್ಪವೇ ದೊಡ್ಡದಿತ್ತು. ಅಲ್ಲಲ್ಲಿ ಬೆಳ್ಳಗೆ ಗಟ್ಟಿಯಾಗಿತ್ತು. ತಾಯಿಯಿಂದ ಮಗುವಿಗೆ ಅನ್ನ ಹೋಗುವ ದಾರಿಯೇ ಮುಚ್ಚಿಕೊಳ್ಳುತ್ತಿತ್ತು, ಇನ್ನೊಂದು ವಾರ ತಡೆಯುತ್ತಿರಲಿಲ್ಲ ಎಂದರು.

ಮಾಳವ್ವ ಮೂರು ವಾರ ಅಲ್ಲಿಯೇ ಇದ್ದಳು. ಕೂಸನ್ನು ಅಪ್ಪನ ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡೇ ಊರಿಗೆ ಬಂದಳು. ಬಂದ ಮೇಲೆ ನಾನು ಬೀರಪ್ಪನನ್ನು ಆ ಮೂರನೆಯ ದಾರ ಕೇಳಿದೆ. ಕಾರ್ಡಿಗೆ ಹೊಲಿದು ಇಟ್ಟುಕೊಳ್ಳಬೇಕೆಂದು ನನ್ನ ಆಸೆ. ಹಳೆಯ ಎರಡನ್ನು ಮರುಮಾತಿಲ್ಲದೆ ಕೊಟ್ಟ. ಮೂರನೆಯದನ್ನು ಮಾತ್ರ ಕೊಡಲಿಲ್ಲ.

ಮುಂದೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ಕನ್ನಡದ ರಿಜಿಸ್ಟರು ಬಂತು, ಹೊಸ ಹೊಸ ಕಾರ್ಡುಗಳು ಬಂದವು. ಯಾವುದರಲ್ಲೂ ತಂದೆಯ ಮಾತಿಗೆ ಅಂಕಣವಿರಲಿಲ್ಲ. ನಾನು ಪ್ರತಿ ಕಾರ್ಡಿನ ಅಂಚಿನಲ್ಲೂ ಗೆರೆ ಎಳೆದು ಅದಕ್ಕೊಂದು ಜಾಗ ಮಾಡಿಕೊಂಡೆ. ಮಗು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದನ್ನು ಬಲ್ಲವರು ಇಬ್ಬರಿರುತ್ತಾರೆ, ನನ್ನ ಕೈ ಮುಟ್ಟುವ ಮುಂಚೆ ಅವರನ್ನು ಕೇಳಬೇಕು. ಕೆಲಸ ಕಲಿಸಿದ್ದು ಇಷ್ಟೇ. ಕಲಿಯಲು ನನಗೆ ಒಂದು ಮಗು ಕೈತಪ್ಪುವ ಹತ್ತಿರಕ್ಕೆ ಹೋಗಬೇಕಾಯಿತು.

ಮೂರನೆಯ ದಾರ ಯಾಕೆ ಕೊಡುವುದಿಲ್ಲ ಎಂದು ಆ ದಿನ ನಾನು ಸಿಟ್ಟಿನಲ್ಲೇ ಕೇಳಿದ್ದೆ. ಬೀರಪ್ಪ ಕೂಸನ್ನು ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದ. ಅಂದು ಅಮಾವಾಸ್ಯೆ.

“ಇದು ಇನ್ನ ಮುಗದಿಲ್ರಿ,” ಎಂದ, ಮತ್ತು ಹೊಸ ಗಂಟು ಹಾಕಿದ.