ಬಾಟಲಿಯಿಲ್ಲದವರ ಸರದಿ

ಆರೋಗ್ಯಕ್ಕೂ ಅರ್ಥಶಾಸ್ತ್ರಕ್ಕೂ ಏನು ಸಂಬಂಧವೆಂದು ದಾಕ್ಷಾಯಣಮ್ಮನನ್ನು ಕೇಳದೆ ಬಿಟ್ಟವರು ತರೀಕೆರೆಯಲ್ಲಿ ಯಾರೂ ಇರಲಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಈಕೆ, ಸರ್ಕಾರದ ಔಷಧ ಬಡವ ಬಲ್ಲಿದರಿಗೆ ಸಮನಾಗಿ ಸಿಗುತ್ತದೆಯೇ ಎಂಬ ವಿಷಯ ಹಿಡಿದು ಪಿಎಚ್‌.ಡಿ.ಗೆ ಹೆಸರು ಕೊಟ್ಟದ್ದು ೧೯೭೮ರಲ್ಲಿ. ಕಡೂರು ಸೀಮೆಯ ಕಲ್ಲಗುಂಡಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಸೋದರಮಾವ ಮಲ್ಲಿಕಾರ್ಜುನಪ್ಪನವರಿಗೆ ಅದನ್ನು ಕೇಳಿ ನಗು ತಡೆಯಲಾಗಲಿಲ್ಲ.

"ಕೆಮ್ಮು ನೆಗಡಿಗೂ ಬಜೆಟ್ ಮಂಡಿಸ್ತೀಯೇನೇ?"

"ಯಾರ ಕೆಮ್ಮನ್ನ ಮೊದಲು ಕೇಳ್ತಾರೆ ಅಂತ ನೋಡ್ತೀನಿ ಮಾವ."

"ಅದಕ್ಕೆ ಇಷ್ಟು ಓದ್ಬೇಕೇನೇ? ನಂದನ್ನೇ ಮೊದಲು ಕೇಳೋದು."

ಇದರಲ್ಲಿ ಜಂಭವೇನೂ ಇಲ್ಲ ಎಂಬುದು ಮಾವನವರ ಪ್ರಾಮಾಣಿಕ ನಂಬಿಕೆ. ಕಲ್ಲಗುಂಡಿಯ ಸರ್ಕಾರಿ ಆಸ್ಪತ್ರೆಗೆ ಒಂದು ಬೆಂಚು ದಾನ ಮಾಡಿದವರು ಅವರು. ಕುಳಿತವರ ಬೆನ್ನು ಒರಗುವ ಕಡೆ ತಮ್ಮ ಹೆಸರು ಬರೆಸಿದ್ದರು. ಬಣ್ಣ ಹಸಿಯಾಗಿದ್ದಾಗ ಒರಗಿದ ಕೆಲವರು ಆ ಹೆಸರನ್ನು ಅಂಗಿಯ ಮೇಲೆ ಹೊತ್ತು ಊರೆಲ್ಲ ತಿರುಗಿದ್ದರು.

ಬೇಸಿಗೆ ರಜೆಯಲ್ಲಿ ದಾಕ್ಷಾಯಣಮ್ಮ ಆ ಬೆಂಚಿನ ಮೇಲೆಯೇ ಕುಳಿತು ಅಧ್ಯಯನ ಶುರುಮಾಡಿದಳು. ಮೈಸೂರಿನ ಮಾರ್ಗದರ್ಶಕರು ಅವಳಿಗೆ ಒಂದೇ ಮಾತು ಹೇಳಿ ಕಳಿಸಿದ್ದರು: ನೋಡುವವರು ನೋಡಬೇಕು, ನಡುವೆ ಕೈಹಾಕಬಾರದು, ಹಾಕಿದರೆ ಸಂಶೋಧನೆ ಕೆಟ್ಟಂತೆ. ಆ ಮಾತನ್ನು ಅವಳು ವ್ರತದಂತೆ ಪಾಲಿಸುತ್ತಿದ್ದಳು, ಅದರ ಬಗ್ಗೆ ತುಸು ಹೆಮ್ಮೆಯನ್ನೂ ಇಟ್ಟುಕೊಂಡಿದ್ದಳು.

ಆಗ ಆಸ್ಪತ್ರೆಯ ನೀರೌಷಧಕ್ಕೆ ಬಾಟಲಿಯನ್ನು ಮನೆಯಿಂದಲೇ ತರಬೇಕಿತ್ತು. ಕಲ್ಲಗುಂಡಿಯವರು ಅದರಿಂದಲೇ ಒಂದು ಪದ್ಧತಿ ಕಟ್ಟಿಕೊಂಡಿದ್ದರು. ಬಂದವರು ತಮ್ಮ ಬಾಟಲಿಯನ್ನು ಜಗಲಿಯ ಮೇಲೆ ಸಾಲಿನಲ್ಲಿಟ್ಟು ಹೊಂಗೆಮರದ ಕೆಳಗೆ ಹರಟೆಗೆ ಕೂರುವರು. ಕಾಂಪೌಂಡರ್ ದೇವೀರಪ್ಪ ಮೊದಲ ಬಾಟಲಿ ಎತ್ತಿ, ಅದರ ಯಜಮಾನನನ್ನು ಕೂಗಿ ಡಾಕ್ಟರ ಬಳಿಗೆ ಬಿಡುವನು. ಮನುಷ್ಯರಿಗೆ ನೆರಳು, ಬಾಟಲಿಗಳಿಗೆ ಬಿಸಿಲು. ಮಾವನವರ ಬಾಟಲಿ ಮಾತ್ರ, ಹಸಿರು ಗಾಜಿನ ಉದ್ದ ಕತ್ತಿನದು, ಯಾವಾಗ ಬಂದರೂ ಸಾಲಿನ ತಲೆಗೇ ಹೋಗುತ್ತಿತ್ತು. ಅದೊಂದನ್ನು ಬಿಟ್ಟರೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇಲ್ಲವೆಂದು ದಾಕ್ಷಾಯಣಮ್ಮ ಮೈಸೂರಿಗೆ ಬರೆದೂಬಿಟ್ಟಳು.

ಬರೆದ ವಾರದಲ್ಲೇ ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ದುರ್ಗಮ್ಮ ಬಂದಳು. ಬಾಣಂತಿ ಸೊಸೆ ದ್ಯಾಮಮ್ಮನನ್ನು ಗಾಡಿಯಲ್ಲಿ ಮಲಗಿಸಿ ತಂದಿದ್ದಳು. ಸೊಸೆಗೆ ಜ್ವರ ಏರಿ, ಮಾತು ತೊದಲುತ್ತಿತ್ತು. ದುರ್ಗಮ್ಮ ಮರದಿಂದ ಆಚೆ, ಗಾಡಿಯ ನೆರಳಲ್ಲೇ ಕೂತಳು. ಹೊಸಬರು ಬಂದರು, ಬಾಟಲಿಗಳು ಬಂದವು, ಹೋದವು. ಅವಳನ್ನು ಯಾರೂ ಕೂಗಲಿಲ್ಲ. ಕೊನೆಗೆ ಎದ್ದುಬಂದು ದೇವೀರಪ್ಪನನ್ನೇ ಕೇಳಿದಳು.

"ಅಣ್ಣಾ, ನಮ್ದು ಯಾವಾಗ ಬತ್ತೈತೆ?"

"ನಿನ್ ಬಾಟ್ಲಿ ಎಲ್ಲವ್ವಾ?"

"ಬಾಟ್ಲಿ ಎಲ್ಲಿಂದ ತರ್ಲಣ್ಣಾ? ದನ ಕಾಯೋರು ನಾವು. ಮಡಕೆ ಐತೆ."

"ಮಡಕೇಲಿ ಮದ್ದು ಕೊಟ್ರೆ ಡಾಕ್ಟ್ರು ನನ್ನೇ ಬೈತಾರೆ. ಅಂಗಡೀಲಿ ಒಂದು ಕೇಳ್ಕೊಂಡ್ ಬಾ, ಹೋಗು."

ದೇವೀರಪ್ಪ ಕೆಟ್ಟವನಲ್ಲ, ಅವನು ಪದ್ಧತಿಯನ್ನು ನಂಬಿದವನು. ಅಂದು ಡಾಕ್ಟರಿಗೆ ಚಿಕ್ಕಮಗಳೂರಿನಲ್ಲಿ ಮೀಟಿಂಗು, ಹನ್ನೆರಡಕ್ಕೆಲ್ಲ ಏಳುವವರು. ಈಗ ಬಾಟಲಿ ತಂದಿಟ್ಟರೂ ಸಾಲಿನ ಬಾಲ.

ಬೆಂಚಿನ ಮೇಲಿದ್ದ ದಾಕ್ಷಾಯಣಮ್ಮ ತನ್ನ ಲೆಕ್ಕದ ಪುಸ್ತಕ ತಿರುವಿದಳು. ಇಷ್ಟು ದಿನ ತಾನು ಲೆಕ್ಕ ಇಟ್ಟದ್ದು ಸಾಲಿನಲ್ಲಿದ್ದವರನ್ನು. ಹೀಗೆ ಬಂದು, ಕಾದು, ಹಾಗೇ ಗಾಡಿ ತಿರುಗಿಸಿದವರು ಎಷ್ಟು ಮಂದಿಯೋ. ಅವರು ಅವಳ ಸಂಶೋಧನೆಯ ಪಾಲಿಗೆ ಈ ಭೂಮಿಯ ಮೇಲೆ ಇರಲೇ ಇಲ್ಲ. ಕೈಹಾಕಿದರೆ ರಜೆಯ ಕೆಲಸವೆಲ್ಲ ಕೆಡುತ್ತದೆ. ಹಾಕದಿದ್ದರೆ ಗಾಡಿಯಲ್ಲಿದ್ದ ಹೆಣ್ಣು ಉಳಿಯುವುದಿಲ್ಲ.

ಅವಳು ಎದ್ದಳು. ಸಾಲಿನ ತಲೆಯಲ್ಲಿ ಮಾವನವರ ಆಳು ಆಗಷ್ಟೇ ಇಟ್ಟುಹೋದ ಹಸಿರು ಬಾಟಲಿಯನ್ನು ಎತ್ತಿ ದುರ್ಗಮ್ಮನ ಕೈಗೆ ಕೊಟ್ಟಳು.

"ತಗೋ, ಇದು ನಿಂದೇ."

"ನಂದಲ್ಲ ಕಣವ್ವಾ!"

"ನಿಂದೇ ಅಂತೀನಲ್ಲಾ! ನಡಿ ಒಳಗೆ."

ಇಬ್ಬರೂ ಸೇರಿ ಸೊಸೆಯನ್ನು ಗಾಡಿಯಿಂದ ಇಳಿಸಿ ಬಾಗಿಲಿಗೆ ತಂದರು. ದೇವೀರಪ್ಪ ಬಾಟಲಿ ನೋಡಿದ ಕೂಡಲೇ ಅಭ್ಯಾಸಬಲದಿಂದ, "ಮಲ್ಲಿಕಾರ್ಜುನಪ್ನೋರು ದಯಮಾಡಿಸ್ಬೇಕು!" ಎಂದು ಕೂಗಿ ಬಾಗಿಲು ತೆರೆದು ಕೈಮುಗಿದ. ಮುಗಿದ ಕೈ ಇಳಿಸುವಷ್ಟರಲ್ಲಿ ಅತ್ತೆ, ಸೊಸೆಯನ್ನು ತಬ್ಬಿ ಹಿಡಿದು ಒಳಗೆ ದಾಟಿಯಾಗಿತ್ತು. ಡಾಕ್ಟರು ಸೊಸೆಯನ್ನು ನೋಡಿದವರೇ ಇಂಜೆಕ್ಷನ್ ಕೊಟ್ಟು, ಮೀಟಿಂಗಿಗೆ ಹೊರಟಿದ್ದ ಜೀಪಿನಲ್ಲೇ ಜಿಲ್ಲಾಸ್ಪತ್ರೆಗೆ ಕರೆದೊಯ್ದರು.

ಮಾವನವರು ಶಲ್ಯ ಸರಿಮಾಡಿಕೊಳ್ಳುತ್ತ ಬಂದಾಗ ಸಾಲಿನಲ್ಲಿ ಅವರ ಬಾಟಲಿಯೂ ಇಲ್ಲ, ಕೋಣೆಯಲ್ಲಿ ಡಾಕ್ಟರೂ ಇಲ್ಲ. ಮರದಡಿಯ ಮಂದಿಯೆಲ್ಲ ಹರಟೆ ಬಿಟ್ಟು ಇತ್ತ ತಿರುಗಿದರು.

"ನಾನೇ ಕೊಟ್ಟೆ ಮಾವ," ಎಂದಳು ದಾಕ್ಷಾಯಣಮ್ಮ.

ಮಾವ ಸುತ್ತ ನೋಡಿದರು. ಸರದಿ ಕಳೆದುಕೊಂಡವನೆಂದು ಊರೆದುರು ನಿಲ್ಲುವುದು ಅವರ ಜಾಯಮಾನಕ್ಕೆ ಒಗ್ಗದು. ಗಂಟಲು ಸರಿಮಾಡಿಕೊಂಡು, "ನಾನೇ ಕೊಡು ಅಂದಿದ್ದೆ ಕಣ್ರಯ್ಯಾ," ಎಂದರು. ಸಂಜೆಯ ಹೊತ್ತಿಗೆ ಅವರಿಗೇ ಅದು ನಿಜವಾಗಿ ನೆನಪಿತ್ತು. ಮರುವಾರ ಮಂಡಿಯಿಂದ ಒಂದು ಬುಟ್ಟಿ ಖಾಲಿ ಬಾಟಲಿ ಆಸ್ಪತ್ರೆಗೆ ಬಂತು. ಬುಟ್ಟಿಯ ಮೇಲೆ ಹೆಸರು ಬರೆಸುವುದನ್ನು ಅವರು ಮರೆಯಲಿಲ್ಲ.

ನಡೆದದ್ದನ್ನೆಲ್ಲ ಬರೆದು ಕಳಿಸಿದ್ದಕ್ಕೆ ಮೈಸೂರಿನಿಂದ ಉತ್ತರ ಬಂತು: ಆ ದಿನವನ್ನು ಕೈಬಿಡಿ, ಉಳಿದದ್ದು ಚೆನ್ನಾಗಿದೆ. ದಾಕ್ಷಾಯಣಮ್ಮ ಆ ದಿನವನ್ನು ಉಳಿಸಿಕೊಂಡು ಉಳಿದದ್ದನ್ನು ಕೈಬಿಟ್ಟಳು. ಆಸ್ಪತ್ರೆಗೆ ಬಂದವರನ್ನು ಕುರಿತ ಪ್ರಬಂಧ ಇನ್ನು ತಲುಪಲಾರದವರನ್ನು ಕುರಿತ ಪ್ರಬಂಧವಾಗಬೇಕಿತ್ತು. ಪದವಿ ಹಿಂದೆ ಬಿತ್ತು. ಜೊತೆಯ ಅಧ್ಯಾಪಕರು ಮುಂದೆ ಹೋದರು. ಅವಳು ಬಸ್ಸಿಳಿದು ಕಾವಲಿನ ಹಾದಿಯಲ್ಲಿ ನಡೆಯತೊಡಗಿದಳು.

ಮೊದಲ ದಿನ ಎಮ್ಮೆದೊಡ್ಡಿಯಲ್ಲಿ ಬಾಗಿಲು ತೆರೆದವಳು ದ್ಯಾಮಮ್ಮ, ಕಂಕುಳಲ್ಲಿ ಕೂಸು. ಆಸ್ಪತ್ರೆಗೆ ಹೋಗಬೇಕೆಂದುಕೊಂಡೂ ಹೋಗಲಾಗದವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ದಾಕ್ಷಾಯಣಮ್ಮ ಕೇಳಿದಳು. ದುರ್ಗಮ್ಮ ಅಂಗಳಕ್ಕೆ ಬಂದು ಗುಡಿಸಲುಗಳ ಕಡೆ ಮುಖ ಮಾಡಿ, "ಬನ್ರೇ, ನಮ್ಮನ್ನ ಕೇಳೋಕ್ ಬಂದವ್ರೆ!" ಎಂದು ಕೂಗಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಳಿತರು. ನೆರಳು ಸಾಲದಾದಾಗ ದಾಕ್ಷಾಯಣಮ್ಮ ತನ್ನ ಜಾಗವನ್ನು ಒಬ್ಬ ಮುದುಕಿಗೆ ಬಿಟ್ಟು, ಬಿಸಿಲಲ್ಲಿ ನಿಂತೇ ಕೇಳತೊಡಗಿದಳು.