ಹೊಲಿಸದೆ ಉಳಿದ ಬ್ಲೌಸ್ ಪೀಸು

ಟ್ರಂಕಿನ ತಳದಲ್ಲಿ ಗಿಳಿಹಸಿರು ಬಣ್ಣದ ಬ್ಲೌಸ್ ಪೀಸು ಸಿಕ್ಕಿತು. ಮಡಿಕೆ ಬಿಚ್ಚಿದರೆ ಗಂಜಿಯ ವಾಸನೆ, ಜೊತೆಗೆ ನುಸಿಗುಳಿಗೆಯದು. ನಾನು ಹುಡುಕುತ್ತಿದ್ದದ್ದು ಹಳೆಯ ಶಾಲು. ಅದು ಅಲ್ಲಿಗೇ ಮರೆತುಹೋಯಿತು. ಈ ಬಟ್ಟೆ ಕೊಟ್ಟವರು ಪಕ್ಕದ ಮನೆಯ ಅಕ್ಕೋರು...

ತೊಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ಹರಿಹರಕ್ಕೆ ಬಂದ ಹೊಸತು. ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಇವರದು ಗಟ್ಟಿ ದನಿ. ತರಕಾರಿಯವಳ ಹತ್ತಿರ ಕೊಸರಿಗೆ ಒಂದು ಹಿಡಿ ಕೊತ್ತಂಬರಿ ಹಾಕಿಸಿಕೊಳ್ಳದೆ ಬಿಟ್ಟವರಲ್ಲ. ಆ ವರ್ಷ ಅವರ ದನಿ ಇಳಿಯಿತು. ಹಿತ್ತಲಲ್ಲಿ ಸೀರೆಗೆ ಸೋಪು ಹಚ್ಚಿ ಸುಮ್ಮನೆ ಕೂತಿರುತ್ತಿದ್ದರು. ಸೋಪು ಒಣಗಿದರೂ ಏಳುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ, ಏನೂ ಆಗಿಲ್ಲ, ಅದೇ ತೊಂದರೆ ಅನ್ನುತ್ತಿದ್ದರು.

ದಾವಣಗೆರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರೊಬ್ಬರಿದ್ದರು. ಅಲ್ಲಿಗೆ ಹೋಗುವುದೆಂದು ಅಕ್ಕೋರೇ ನಿರ್ಧರಿಸಿದರು. ಅವರ ಯಜಮಾನರು ಒಪ್ಪಿದರು, ಆದರೆ ತಾಯಿಗೆ ಹೇಳುವ ಧೈರ್ಯ ಆ ಮನುಷ್ಯನಿಗಿರಲಿಲ್ಲ. ಹಾಗಾಗಿ ಜವಳಿ ತರುತ್ತೇವೆ ಎಂದು ಹೇಳಿ ಅಕ್ಕೋರೂ ನಾನೂ ಬಸ್ಸು ಹತ್ತಿದೆವು. ಜವಳಿಗೆ ಹೋದವರು ಬರಿಗೈಯಲ್ಲಿ ಬರುವ ಹಾಗಿಲ್ಲವಲ್ಲ. ಅವರ ಅತ್ತೆ ಕಟ್ಟೆಯ ಮೇಲೆ ಕಾದು ಕೂತು, "ತರ್ರಿ ನೋಡಾನ" ಎಂದು ಬಟ್ಟೆಯನ್ನು ಮಡಿಲಿಗೆ ಹಾಕಿಸಿಕೊಂಡು, ಬೆರಳಲ್ಲಿ ತಿಕ್ಕಿ, ಬಣ್ಣ ಬಿಡುತ್ತದೆ ಎಂದು ತೀರ್ಪು ಕೊಟ್ಟ ಮೇಲೆಯೇ ನಮ್ಮನ್ನು ಒಳಗೆ ಬಿಡುತ್ತಿದ್ದರು. ಡಾಕ್ಟರ ಹತ್ತಿರ ಹೋದಾಗಲೆಲ್ಲ ಒಂದು ಬ್ಲೌಸ್ ಪೀಸು ಬಂತು. ಗುಳಿಗೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಬಂತು.

ಗುಳಿಗೆಯಿಂದ ಬಾಯಿ ಒಣಗಿದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ. ತಿಂಗಳು ಕಳೆದರೂ ಅದೇ ಮುಖ, ಅದೇ ಹಿತ್ತಲು. ನನಗೆ ಆ ಡಾಕ್ಟರ ಮೇಲೆಯೇ ಸಿಟ್ಟು ಬರುತ್ತಿತ್ತು. ಆದರೆ ಗುಳಿಗೆ ಇದ್ದದ್ದು ಅಕ್ಕೋರ ಟ್ರಂಕಿನಲ್ಲಿ, ಸೀರೆಗಳ ಕೆಳಗೆ. ಅತ್ತೆ ಆ ಕೋಣೆಯಲ್ಲಿ ಮಲಗಿದ ದಿನ, ನೆಂಟರು ಬಂದ ದಿನ, ಅದು ತಪ್ಪುತ್ತಿತ್ತು. ಎರಡು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಹೇಳಿದರೂ ಹೋಗುವುದು ಆಗುತ್ತಿರಲಿಲ್ಲ. "ಹದಿನೈದು ದಿನಕ್ಕೊಂದ್ಸಾರಿ ಯಾರವ್ವ ಜವಳಿಗೆ ಹೋಗ್ತಾರೆ?" ಅನ್ನುತ್ತಿದ್ದರು ಅಕ್ಕೋರು.

ಕೊನೆಗೆ ಹೋದಾಗ, ಇದು ನನಗೆ ಹತ್ತುತ್ತಿಲ್ಲ, ಬಿಟ್ಟುಬಿಡುತ್ತೇನೆ ಎಂದೇ ಹೇಳಿದರು. ದಿನಾ ತಗೊಳ್ತೀರೇನ್ರಿ ಎಂದು ಡಾಕ್ಟರು ಕೇಳಿದರು. ನಡುನಡುವೆ ತಪ್ಪುತ್ತದೆ ಎಂದರು ಅಕ್ಕೋರು.

"ಗುಳಿಗೆ ಕೆಲಸ ಮಾಡ್ತಿಲ್ವೋ, ಹೊಟ್ಟೆಗೇ ಹೋಗ್ತಿಲ್ವೋ, ನನಗೆ ಹೆಂಗೆ ಗೊತ್ತಾಗ್ಬೇಕ್ರಿ? ದಿನಾ ತಗಳ್ರಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಬೇರೆದು ಐತೆ, ನೋಡಾನ. ನೀವಾಗೇ ಮಾತ್ರ ಬಿಡಬ್ಯಾಡ್ರಿ."

ಅಲ್ಲಿಂದ ಎಂದಿನಂತೆ ಜವಳಿ ಅಂಗಡಿಗೆ ಹೋದೆವು. ಅಂಗಡಿಯವನು ರಾಶಿ ಹರವಿದ. ಅಕ್ಕೋರು ಗಿಳಿಹಸಿರಿನದೊಂದನ್ನು ಎತ್ತಿಕೊಂಡು, ಬಹಳ ಹೊತ್ತು ನೋಡಿ, ಕೆಳಗಿಟ್ಟರು.

"ಬ್ಯಾಡ ಬಿಡಪ್ಪ. ಇವತ್ತೇನೂ ತಗಳಲ್ಲ."

"ಮನೇಲಿ ಏನ್ ಹೇಳ್ತೀರಿ ಅಕ್ಕೋರೆ?" ನಾನು ಕೇಳಿದೆ.

"ಔಷಧಿ ತಂದೀನಿ ಅಂತೀನಿ."

ಹರಿಹರ ಬರುವವರೆಗೆ ಅವರು ಬಸ್ಸಿನ ಮುಂದಿನ ಸೀಟಿನ ಕಂಬಿ ಬಿಡಲೇ ಇಲ್ಲ. ಕಟ್ಟೆಯ ಮೇಲೆ ಅತ್ತೆ ಎಂದಿನಂತೆ ಮಡಿಲು ಹಿಡಿದರು. ಅಕ್ಕೋರು ನನ್ನ ಬ್ಯಾಗಿನಿಂದ ಗುಳಿಗೆಯ ಪೊಟ್ಟಣ ತೆಗೆದು ಅದರೊಳಗೆ ಇಟ್ಟರು.

"ಮನಸ್ಸಿಗೆ ಕಾಯಿಲೆ ಆಗೈತೆ ಅತ್ತೆ. ಅದಕ್ಕೆ ಔಷಧಿ. ಇನ್ನೂ ಗುಣ ಕಂಡಿಲ್ಲ. ಆದ್ರೂ ಬಿಡಲ್ಲ ನಾನು."

ಆ ಹೆಂಗಸು ಪೊಟ್ಟಣವನ್ನು ಬಟ್ಟೆಯ ಹಾಗೆಯೇ ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಸೇರ್ಕಂಡಿದ್ದೇನವ್ವ ಇದ್ರಾಗೆ?" ಎಂದರು. ಹೌದೆಂದು ತಲೆಯಾಡಿಸಿದೆ. ಪೊಟ್ಟಣ ತಿರುಗಿಸಿ ನೋಡುತ್ತಾ ಸೊಸೆಯನ್ನು ಕೇಳಿದರು: "ಊಟಕ್ಕೆ ಮುಂಚೇನಾ, ಆಮ್ಯಾಲಾ?"

ಎಲ್ಲ ಅವತ್ತೇ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಆ ಅತ್ತೆ ಕೆಲವು ದಿನ ಮುಖ ಊದಿಸಿಕೊಂಡಿದ್ದರು, ಮಠದಿಂದ ಒಂದು ದಾರ ತಂದು ಸೊಸೆಯ ಕೈಗೆ ಕಟ್ಟಿದರು. ಆದರೆ ಗುಳಿಗೆ ಟ್ರಂಕು ಬಿಟ್ಟು ದೇವರ ಗೂಡಿಗೆ, ವಿಭೂತಿ ಗಟ್ಟಿಯ ಪಕ್ಕಕ್ಕೆ ಬಂತು. ದಿನಾ ಊಟವಾದ ಮೇಲೆ, "ಗುಳಿಗಿ ತಗಂಡ್ಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. "ತಗಂಡೆ ಅತ್ತೆ" ಎಂದು ಅಕ್ಕೋರೂ ಅಷ್ಟೇ ಗಟ್ಟಿಯಾಗಿ ಹೇಳುವುದನ್ನು ಕಲಿತರು.

ತಪ್ಪದೆ ತೆಗೆದುಕೊಂಡರೂ ಆ ಗುಳಿಗೆ ಹತ್ತಲೇ ಇಲ್ಲ. ಡಾಕ್ಟರು ಬೇರೆಯದು ಕೊಟ್ಟರು. ಮತ್ತೆ ಕಾಯುವುದು, ಮತ್ತೆ ಬಸ್ಸು... ಕಾಯಿಲೆ ಯಾವಾಗ ಗುಣದ ಕಡೆ ತಿರುಗಿತೋ ಹೇಳಲಾರೆ. ಒಂದು ಬೆಳಿಗ್ಗೆ ಅಕ್ಕೋರು ಹಾಲಿನವನ ಜೊತೆ, ಇದು ಹಾಲೋ ನೀರೋ ಎಂದು ಜಗಳಕ್ಕೆ ನಿಂತಿದ್ದು ಕೇಳಿಸಿತು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಮಾಯಕೊಂಡಕ್ಕೆ ವರ್ಗವಾಗಿ ಹೊರಟಾಗ ಅಕ್ಕೋರು ನನಗೆ ಉಡಿ ತುಂಬಿ ಈ ಗಿಳಿಹಸಿರು ಬಟ್ಟೆ ಕೊಟ್ಟರು. ಅವತ್ತು ಬಿಟ್ಟು ಬಂದಿದ್ದನ್ನೇ ಹೋಲುವಂಥದ್ದನ್ನು ಹುಡುಕಿ ತಂದಿದ್ದರಂತೆ. ಆಮೇಲೆ ಒಂದೆರಡು ಸಲ ಭೇಟಿ, ಅಷ್ಟೇ. ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು, ಅದೂ ಎಲ್ಲ ಮುಗಿದು ಎಷ್ಟೋ ದಿನಕ್ಕೆ. ಮುಖ ನೋಡಲು ಹೋಗಲಾಗಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಈಗ ನನಗೂ ಅದೇ ಕಾಯಿಲೆ; ಗುಳಿಗೆ ನನ್ನ ತಲೆದಿಂಬಿನ ಕೆಳಗಿದೆ. ತಿಂಗಳ ಮೇಲಾಯಿತು, ಒಂದಿಷ್ಟೂ ವ್ಯತ್ಯಾಸವಿಲ್ಲ. ಬಿಟ್ಟುಬಿಡೋಣ ಎಂದು ನಿನ್ನೆಯಷ್ಟೇ ನಿರ್ಧರಿಸಿದ್ದೆ.

ಬಟ್ಟೆ ಮಡಿಚಿ ಇಡುವಾಗ ಸೊಸೆ ಬಂದು, ನಾಳೆ ಎಲ್ಲಿಗಾದರೂ ಹೋಗುವುದಿದೆಯಾ ಎಂದು ಕೇಳಿದಳು. ಜವಳಿ ಅಂಗಡಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ದಾವಣಗೆರೆಗೆ. ಮನಸ್ಸಿನ ಡಾಕ್ಟ್ರ ಹತ್ರ," ಎಂದೆ. "ಗುಳಿಗೆ ಹತ್ತುತಾ ಇಲ್ಲ, ಕೇಳ್ಕಂಡು ಬರಬೇಕು."

ಅವಳು ನನ್ನ ಪಕ್ಕಕ್ಕೆ ಬಂದು ಕೂತಳು. "ನಾನೂ ಬರ್ತೀನಿ ಅತ್ತೆ" ಎಂದಳು.

ಇದನ್ನು ಅಕ್ಕೋರಿಗೆ ಹೇಳಬೇಕಿತ್ತು. ಹೇಳಲು ಅವರಿಲ್ಲ. ದಿಂಬಿನ ಕೆಳಗಿನ ಪೊಟ್ಟಣ ತೆಗೆದುಕೊಂಡು ಹೋಗಿ, ಎಲ್ಲರಿಗೂ ಕಾಣುವ ಹಾಗೆ ದೇವರ ಗೂಡಿನಲ್ಲಿಟ್ಟೆ.